ಅಟ್ಟದ ಮೇಲಿನ ಎತ್ತುಗಳು

ಈ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ನಾನು ನವನಗರದ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ಎರಡನೇ ತಾಸು ನನ್ನದು. ಪಕ್ಕದಲ್ಲಿ ಹೆಂಗಸೊಬ್ಬಳು ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಮಳೆ ಕೊಂಚ ನಿಂತಿತೆಂದು ಆಕೆ ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಸಿದಳು. ಒಳಗೆ ಸಾಲಾಗಿ ಮಣ್ಣಿನ ಎತ್ತುಗಳು, ಇನ್ನೂ ಹಸಿ. ವಾಸನೆ ಬಂತು. ಮೊದಲ ಮಳೆಗೆ ನೆಲದಿಂದ ಏಳುತ್ತದಲ್ಲ, ಎಲ್ಲರೂ ಹೊಗಳುವ ಆ ಪರಿಮಳವಲ್ಲ ಇದು. ಕಲಸಿ, ನಾದಿ, ಬೆರಳಾಡಿಸಿದ ಮಣ್ಣಿನ ವಾಸನೆ. ತಣ್ಣಗೆ, ಭಾರವಾಗಿ ಎದೆಯ ತನಕ ಇಳಿಯುವಂಥದು. ನಾನು ಮಣ್ಣನ್ನೇ ಓದಿ ಡಾಕ್ಟರೇಟ್ ಪಡೆದವಳು. ಆ ವಾಸನೆ ಹುಟ್ಟಿಸುವ ಸೂಕ್ಷ್ಮಜೀವಿ ಯಾವುದೆಂದು ಹುಡುಗರಿಗೆ ನಲವತ್ತು ನಿಮಿಷ ಪಾಠ ಮಾಡಬಲ್ಲೆ. ಆ ಹೊತ್ತಿಗೆ ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ. ಹುಬ್ಬಳ್ಳಿ ಬಸ್ ಬಂತು, ನಿಂತಿತು, ಹೋಯಿತು. ನಾನು ರಸ್ತೆ ದಾಟಿ ಧಾರವಾಡದ ಬಸ್ ಹತ್ತಿದೆ. ಹತ್ತಿದ ಮೇಲೆ ಕಾಲೇಜಿಗೆ ಫೋನ್ ಮಾಡಿ ಹೊಟ್ಟೆ ಸರಿಯಿಲ್ಲವೆಂದು ಹೇಳಿದೆ.

ಧಾರವಾಡದಿಂದ ಮುಗದಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹತ್ತು ವರ್ಷ ಆ ಊರಿನ ಕಡೆ ಮುಖ ಹಾಕಿರಲಿಲ್ಲ. ಕಾರಣ ಒಂದೇ: ಆ ಊರಿನ ಒಬ್ಬ ಮುದುಕಿಗೆ ನಾನು ಸುಳ್ಳು ಹೇಳಿದ್ದೆ. ಕೈಗೊಂದು ದಪ್ಪ ಪುಸ್ತಕ ಕೊಟ್ಟು, ಆಕೆಗೆ ಓದಲು ಬಾರದೆಂಬ ಧೈರ್ಯದ ಮೇಲೆ ಹೇಳಿದ ಸುಳ್ಳು. ಬಸ್ಸು ಊರು ಬಿಟ್ಟಿತು. ಮಳೆ ಹೊಲಗಳ ಮೇಲೆ ಬೀಳುತ್ತಿದೆಯೋ ಸುಮ್ಮನೆ ತೂಗುತ್ತಿದೆಯೋ ತಿಳಿಯದ ಹಾಗಿತ್ತು. ಗಾಜಿನ ಮೇಲೆ ಹನಿಗಳು ಒಂದರೊಳಗೊಂದು ಸೇರಿ ಜಾರುತ್ತಿದ್ದವು. ಅದನ್ನೇ ನೋಡುತ್ತ ನೋಡುತ್ತ ನಾನು ಆ ಮಳೆಗಾಲಕ್ಕೆ ಹೋಗಿಬಿಟ್ಟೆ.

ಆಗ ನನಗೆ ಇಪ್ಪತ್ತೆಂಟು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ನಾಲ್ಕನೇ ವರ್ಷ. ಮುಗದದ ಭತ್ತದ ಗದ್ದೆಗಳ ಮಣ್ಣು ನನ್ನ ವಿಷಯ. ರೈತರು ಸತ್ವ ಎಂದು ಕರೆಯುವುದನ್ನು ನಾವು ಇಂಗಾಲ ಎಂದು ಅಳೆಯುತ್ತೇವೆ. ಸೆಗಣಿ, ಎಲೆ, ಬೇರು ಕೊಳೆತು ಮಣ್ಣಿನಲ್ಲಿ ಉಳಿಯುವ ಇಂಗಾಲ. ಮಳೆಗೆ ಮೊದಲು ಅದು ಎಷ್ಟಿತ್ತು, ಬೆಳೆ ಬಂದ ಮೇಲೆ ಎಷ್ಟು ಉಳಿಯಿತು ಎಂದು ನೋಡುವುದು ನನ್ನ ಕೆಲಸ. ಅದೇ ವರ್ಷ ವಿಶ್ವವಿದ್ಯಾಲಯಕ್ಕೆ ಹೊಸ ಹುಕಿ ಬಂತು. ವಿಜ್ಞಾನದವರೂ ಸಾಹಿತ್ಯ, ಜಾನಪದದವರೂ ಕೂಡಿ ಸಂಶೋಧನೆ ಮಾಡಬೇಕಂತೆ. ಒಂದೇ ಊರಿಗೆ ಓಡಾಡುತ್ತಿದ್ದ ತಪ್ಪಿಗೆ ನನ್ನನ್ನೂ ಜಾನಪದ ವಿಭಾಗದ ದಾವಲನನ್ನೂ ಜೋಡಿ ಮಾಡಿದರು. ನಾನು ಒಂದು ವಾರ ಮುಖ ಗಂಟು ಹಾಕಿಕೊಂಡೇ ತಿರುಗಿದೆ.

ದಾವಲ ನವಲಗುಂದದ ಕಡೆಯವನು. ನನಗಿಂತ ಎರಡು ವರ್ಷ ಚಿಕ್ಕವನು; ಮಾತು ಮೆತ್ತಗೆ, ನಡಿಗೆ ಇನ್ನೂ ಮೆತ್ತಗೆ. ಮಳೆಗಾಲದುದ್ದಕ್ಕೂ ನಮ್ಮ ಹೆಣ್ಣುಮಕ್ಕಳು ಮಣ್ಣಿನಲ್ಲಿ ಮಾಡಿ ಪೂಜಿಸುವ ಎತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ ಇವುಗಳ ಬೆನ್ನು ಹತ್ತಿದ್ದ. ರೆಕಾರ್ಡರ್ ಇಟ್ಟುಕೊಂಡು ಮುದುಕಿಯರ ಮುಂದೆ ತಾಸುಗಟ್ಟಲೆ ಸುಮ್ಮನೆ ಕೂಡುತ್ತಿದ್ದ. ಇದೂ ಒಂದು ಸಂಶೋಧನೆಯೇ? ಎಂದು ಮನಸ್ಸಿನಲ್ಲಷ್ಟೇ ಅಲ್ಲ, ಬಾಯಿ ಬಿಟ್ಟೂ ಅಂದಿದ್ದೆ. ಅವನು ನಕ್ಕು, ನನ್ನ ಮಣ್ಣಿನ ಚೀಲವೊಂದನ್ನು ತಾನೇ ಹೆಗಲಿಗೇರಿಸಿಕೊಂಡಿದ್ದ. ಅಂಥವನ ಜೊತೆ ಜಗಳವಾಡುವುದೂ ಕಷ್ಟ.

ನಾವಿಬ್ಬರೂ ಮುಗದಕ್ಕೆ ಹೋದಾಗ ಇಳಿಯುತ್ತಿದ್ದದ್ದು ನೀಲವ್ವಾಯಿಯ ಮನೆಯಲ್ಲಿ. ಊರಿನವರಿಗೆಲ್ಲ ಆಕೆ ಆಯಿ, ನಮಗೂ ಆಯಿಯೇ. ಗಂಡ ಸಂಗಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಗ ಮಲ್ಲಪ್ಪ ಟ್ರ್ಯಾಕ್ಟರ್ ಇಟ್ಟುಕೊಂಡು ತಮ್ಮ ಹೊಲವನ್ನೂ ಊರಿನವರ ಹೊಲವನ್ನೂ ಊಳುತ್ತಿದ್ದ. ಸೊಸೆ, ಅಂಗನವಾಡಿಗೆ ಹೋಗುವ ಮೊಮ್ಮಗಳು ಕಾವೇರಿ, ಇಷ್ಟೇ ಜನ. ಆಯಿ ಸಣ್ಣ ಆಳು, ಆದರೆ ಅಂಗೈ ಮಾತ್ರ ಅಗಲ. ಮಾತು ಕಡಿಮೆ. ಮಲ್ಲಪ್ಪ ಅದಕ್ಕೆ ಸರಿಯಾಗಿ ವಾಚಾಳಿ. ಮೊದಲ ದಿನವೇ ನನ್ನೆದುರು ತಾಯಿಯನ್ನು ಚಾಷ್ಟಿ ಮಾಡಿ ಗೇಲಿಯಾಡಿದ್ದ: ಅಪ್ಪ ಇದ್ದಾಗ ಊರಿಗೇ ಹೆಸರಾದ ಹೊಲ ಇವರದು, ಅಪ್ಪ ಸತ್ತ ತಿಂಗಳಿಗೆ ಈಕೆ ಎತ್ತು ಮಾರಿದಳು, ಎತ್ತು ಹೋದವು, ಸೆಗಣಿ ಹೋಯಿತು, ಹೊಲ ಸತ್ತಿತು. ನಗುತ್ತಲೇ ಹೇಳಿದ. ಆಯಿ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ. ಆ ಮಾತನ್ನು ಊರಿನಲ್ಲಿ ಇನ್ನೂ ನಾಲ್ಕು ಮಂದಿಯ ಬಾಯಲ್ಲಿ ಕೇಳಿದೆ. ಕೇಳಿದಾಗಲೆಲ್ಲ ಆಕೆಯ ಬಗ್ಗೆ ನನಗೆ ಪಾಪ ಎನಿಸುತ್ತಿತ್ತು.

ನಮ್ಮ ಪ್ರಯೋಗಾಲಯದ ಮಾಳಿಗೆ ಸೋರುತ್ತಿತ್ತು, ರಿಪೇರಿ ನಡೆದಿತ್ತು. ಹಾಗಾಗಿ ಬೇಸಿಗೆಯಲ್ಲಿ ಹನ್ನೆರಡು ಹೊಲಗಳಿಂದ ಅಗೆದು ತಂದು, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದ ಮಣ್ಣನ್ನೆಲ್ಲ ಬಟ್ಟೆಯ ಚೀಲಗಳಲ್ಲಿ ಕಟ್ಟಿ, ಚೀಟಿ ಹಚ್ಚಿ, ಆಯಿಯ ಪಡಸಾಲೆಯಲ್ಲಿ ಇಟ್ಟಿದ್ದೆ. ಮಳೆ ಬಿದ್ದ ಮೇಲೆ ಅಂಥ ಮಣ್ಣು ಮತ್ತೆ ಸಿಗುವುದು ಮುಂದಿನ ಬೇಸಿಗೆಗೇ. ನನ್ನ ಗೈಡ್ ಡಿಸೆಂಬರಿಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಮುಗಿಯದಿದ್ದರೆ ಹೊಸ ಗೈಡ್, ಹೊಸ ವಿಷಯ, ಮೊದಲಿನಿಂದ ಎಲ್ಲ. ನಾಲ್ಕು ವರ್ಷ ಆ ಚೀಲಗಳಲ್ಲಿತ್ತು ಎಂದರೂ ಸರಿಯೇ. ಅವನ್ನು ಕಣ್ಣಿಗೆ ಎಣ್ಣೆ ಬಿಟ್ಟು ಕಾಯಬೇಕಾದವಳು ನಾನು. ಜ್ವರ ಬಂತೆಂದು ಹತ್ತು ದಿನ ಮುಗದಕ್ಕೆ ಹೋಗಲಿಲ್ಲ.

ಹೋದದ್ದು ಅಮಾವಾಸ್ಯೆಯ ದಿನ. ದಾವಲನಿಗೆ ಮಣ್ಣೆತ್ತಿನ ಪೂಜೆಯ ಫೋಟೋ ಬೇಕಿತ್ತು. ಪಡಸಾಲೆ ಸಾರಿಸಿ ಚೊಕ್ಕವಾಗಿತ್ತು. ನನ್ನ ಚೀಲಗಳಿರಲಿಲ್ಲ. ಗೋಡೆಯ ಗೂಡಿನಂಥ ದೇವರ ಮಾಡದಲ್ಲಿ ಎರಡು ಎತ್ತು ನಿಂತಿದ್ದವು, ಗುಲಗಂಜಿಯ ಕಣ್ಣು, ಎದುರಿಗೆ ಮೇವು ಹಾಕುವ ಮಣ್ಣಿನದೇ ಗ್ವಾದ್ಲಿ, ಅದರಲ್ಲಿ ನಾಲ್ಕು ಎಸಳು ಹಸಿ ಹುಲ್ಲು. ಎಂಥ ನುಣುಪು ಮೈ ಎಂದು ನಾನೇ ಮೆಚ್ಚಿಕೊಂಡೆ. ಮೆಚ್ಚಿಕೊಂಡ ಮೇಲೆ ಹೊಳೆಯಿತು.

ಆದದ್ದಿಷ್ಟು. ಆ ಮನೆಯ ಎತ್ತಿಗೆ ತಮ್ಮದೇ ಹೊಲದ, ಬನ್ನಿಗಿಡದ ಬುಡದ ಮೂಲೆಯ, ಒಂದು ಗೇಣು ಕೆಳಗಿನ ಮಣ್ಣೇ ಆಗಬೇಕು. ಬೇರೆಯದು ನಡೆಯುವುದಿಲ್ಲ. ಆ ವರ್ಷ ಎಂಟು ದಿನ ಹಿಡಿದ ಮಳೆಗೆ ಹೊಲಕ್ಕೆ ಕಾಲಿಡುವ ಹಾಗಿರಲಿಲ್ಲ. ಪಡಸಾಲೆಯಲ್ಲಿ ನೋಡಿದರೆ ಜರಡಿ ಹಿಡಿದು ಸಿದ್ಧವಾದ ಮಣ್ಣು, ಅವರ ಹೊಲದ ಆ ಮೂಲೆಯದೂ ಅದರಲ್ಲಿತ್ತು. ಆಯಿ ಹನ್ನೆರಡು ಚೀಲಗಳನ್ನೂ ಬಿಚ್ಚಿ, ಚಿಟಿಕೆ ಚಿಟಿಕೆ ಬೆರಳಲ್ಲಿ ತಿಕ್ಕಿ ನೋಡಿ, ತಮ್ಮ ಹೊಲದ್ದನ್ನು ಗುರುತು ಹಿಡಿದಿದ್ದಳು. ಇಂಗ್ಲಿಷ್ ಚೀಟಿ ಓದದೆಯೇ, ತಪ್ಪಿಲ್ಲದೆ. ಅದನ್ನು ಕಲಸಿ ಎತ್ತು ಮಾಡಿದಳು. ಉಳಿದ ಹನ್ನೊಂದು ಹೊಲಗಳ ಮಣ್ಣನ್ನು ಹಬ್ಬದ ದಿನ ಹೀಗೆ ಹರಡಿಕೊಂಡಿರಬಾರದೆಂದು ಒಂದೇ ಗೋಣಿಚೀಲಕ್ಕೆ ಸುರಿದು, ನನ್ನ ಬಟ್ಟೆಯ ಚೀಲಗಳನ್ನು ಒಗೆದು ಹಗ್ಗದ ಮೇಲೆ ಒಣಹಾಕಿದ್ದಳು.

ನಾನು ತಲೆ ಮೇಲೆ ಕೈ ಹೊತ್ತು ಅಲ್ಲೇ ಕುಸಿದೆ. ಆಮೇಲೆ ಎದ್ದು ಬಾಯಿಗೆ ಬಂದದ್ದನ್ನು ಅಂದೆ. ಏನೇನಂದೆನೋ ಪೂರ್ತಿ ನೆನಪಿಲ್ಲ. ನನ್ನ ನಾಲ್ಕು ವರ್ಷ ಕಲಸಿ ದೇವರಿಗಿಟ್ಟಿರಿ ಎಂದದ್ದು ನೆನಪಿದೆ. ಹೋಳಿಗೆಯ ತಟ್ಟೆ ಹಿಡಿದು ಬಂದಿದ್ದ ಸೊಸೆ ಬಾಗಿಲಲ್ಲೇ ನಿಂತಳು. ಆಯಿ ಮಾಡದ ಹತ್ತಿರ ಹೋಗಿ, ಎತ್ತುಗಳನ್ನು ಎರಡು ಕೈಯಲ್ಲೂ ಎತ್ತಿಕೊಂಡು ಬಂದು ನನ್ನ ಮುಂದಿಟ್ಟಳು.

"ತಗೋ ತಂಗಿ, ನಿನ್ನ ಮಣ್ಣ. ಒಡಕೊ."

ಒಡೆದರೂ ಉಪಯೋಗವಿಲ್ಲ, ಒಂದು ಹೊಲದ ಮಣ್ಣಿನಿಂದ ಏನಾಗುತ್ತದೆ ಎಂದು ನಾನು ಅಳತೊಡಗಿದೆ. ಆಗ ದಾವಲ ನನ್ನ ಅಳುವನ್ನು ಗಮನಕ್ಕೇ ತೆಗೆದುಕೊಳ್ಳದವನಂತೆ ಆಯಿಗೆ ತನ್ನ ಪ್ರಶ್ನೆ ಕೇಳಿದ. ಪೂಜೆ ಮುಗಿದ ಮೇಲೆ ಎತ್ತುಗಳನ್ನು ಏನು ಮಾಡುತ್ತೀರಿ, ಬಾವಿಗೆ ಬಿಡುತ್ತೀರೋ ಕೆರೆಗೋ ಎಂದು. ಇಂಥ ಹೊತ್ತಿನಲ್ಲೂ ಇವನಿಗೆ ಇವನ ಜಾನಪದ ಎಂದು ನನಗೆ ಮೈಯೆಲ್ಲ ಉರಿಯಿತು. ಆಯಿ ನಿಧಾನವಾಗಿ ಹೇಳಿದಳು: ಈ ಮನೆಯಲ್ಲಿ ಬಿಡುವುದಿಲ್ಲ. ದುಡಿದ ಎತ್ತನ್ನು ನೀರಿಗೆ ನೂಕಬಾರದೆಂದು ಅತ್ತೆ ಹೇಳಿದ್ದರು. ಎಲ್ಲ ಅಟ್ಟದ ಮೇಲಿವೆ.

ಏಣಿ ಹತ್ತಿ ನೋಡಿದ ಆ ಗಳಿಗೆ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಹೆಂಚಿನ ನಡುವೆ ಕೂಡಿಸಿದ್ದ ಒಂದು ಗಾಜಿನಿಂದ ಮಳೆಯ ಬೆಳಕು ಇಳಿಯುತ್ತಿತ್ತು. ಭತ್ತದ ಹೊಟ್ಟಿನ ಹಾಸಿಗೆ, ಅದರ ಮೇಲೆ ಸಾಲು ಸಾಲಾಗಿ ಎತ್ತುಗಳು. ಹೊಗೆ ಹಿಡಿದು ಕಪ್ಪಾದವು, ಕಿವಿ ಮುರಿದವು, ಒಂದು ಗುಲಗಂಜಿ ಉದುರಿ ಒಕ್ಕಣ್ಣಾದವು. ಎಲ್ಲ ಒಂದೇ ದಿಕ್ಕಿಗೆ, ಹೊಲದ ಕಡೆಗೆ, ಮುಖ ಮಾಡಿ ನಿಂತಿದ್ದವು. ಹೆಂಚಿನ ಮೇಲೆ ಮಳೆ ಸಣ್ಣಗೆ ಆಡುತ್ತಿತ್ತು. ನಾನೂ ದಾವಲನೂ ಏಣಿಯ ಮೇಲೆ ಒಬ್ಬರ ಕೆಳಗೊಬ್ಬರು ನಿಂತು ಎಣಿಸಿದೆವು. ಇಪ್ಪತ್ತೆಂಟು ಜೋಡಿ.

ಕೆಳಗಿಳಿಯುವಷ್ಟರಲ್ಲಿ ನನ್ನ ಅಳು ನಿಂತು ಲೆಕ್ಕ ಶುರುವಾಗಿತ್ತು. ಒಂದೇ ಹೊಲ, ಒಂದೇ ಮೂಲೆ, ಒಂದೇ ಆಳ, ಪ್ರತಿ ವರ್ಷ ಒಂದೇ ದಿನ, ಒಣಗಿಸಿ ನೆರಳಲ್ಲಿ ಇಟ್ಟ ಮಣ್ಣು. ಇಪ್ಪತ್ತೆಂಟು ವರ್ಷದ್ದು. ನಮ್ಮ ಇಡೀ ವಿಭಾಗದ ಕಪಾಟುಗಳಲ್ಲಿ ಅಂಥದೊಂದು ಸಂಗ್ರಹ ಇರಲಿಲ್ಲ. ಒಂದು ಹೊಲ ತನ್ನ ಸತ್ವವನ್ನು ಯಾವಾಗ, ಹೇಗೆ ಕಳೆದುಕೊಂಡಿತೆಂದು ವರ್ಷ ವರ್ಷಕ್ಕೂ ಹೇಳಬಹುದಿತ್ತು. ಹಾಗೆಂದು ಗೈಡಿಗೆ ಫೋನಿನಲ್ಲಿ ಹೇಳಿದೆ. ಅವರು, ಒಂದೊಂದು ಎತ್ತೂ ಯಾವ ವರ್ಷದ್ದೆಂದು ಸಾಧಿಸಿ ತೋರಿಸಿದರೆ ಒಪ್ಪುತ್ತೇನೆ ಎಂದರು.

ಎತ್ತುಗಳ ಮೇಲೆ ಇಸವಿ ಬರೆದಿರಲಿಲ್ಲ. ಎಲ್ಲ ಇದ್ದದ್ದು ಆಯಿಯ ತಲೆಯಲ್ಲಿ. ಅದನ್ನು ಕೇಳಿಸಿಕೊಳ್ಳುವ ವಿದ್ಯೆ ನನಗೆ ಬರುತ್ತಿರಲಿಲ್ಲ, ದಾವಲನಿಗೆ ಬರುತ್ತಿತ್ತು. ನಾನು ಮೊದಲ ಸಲ ಅವನ ಮುಂದೆ ಬಾಲ ಮುದುರಿದೆ. ಅವನು ಒಂದೇ ಮಾತು ಹೇಳಿದ: "ಮೊದಲ ಆಯಿ ಹತ್ರ ತಪ್ಪಾತು ಅನ್ರಿ ಅಕ್ಕಾರ. ಆಮ್ಯಾಲ ಎತ್ತಿನ ಮಾತು."

ಅಂದೆ. ಆಯಿ ನನ್ನ ತಲೆ ಸವರಿದಳು. ಎತ್ತುಗಳನ್ನು ಪುಡಿ ಮಾಡಬೇಕಾಗುತ್ತದೆ ಎಂದು ತಡವರಿಸುತ್ತ ಹೇಳಿದಾಗ ಮಾತ್ರ ಆ ಕೈ ನಿಂತಿತು. ಪ್ರತಿ ಜೋಡಿಯಲ್ಲೂ ಎಡಗಡೆಯ ಎತ್ತು ಗಂಡ ಮಾಡಿದ್ದು, ಬಲಗಡೆಯದು ತಾನು ಮಾಡಿದ್ದು ಎಂದು ಆಗ ತಿಳಿಯಿತು. ಎಡಗಡೆಯವುಗಳ ಕೊಂಬು ಒಳಕ್ಕೆ ಬಾಗಿದ್ದವು, ಹೆಗಲ ಮೇಲೆ ಅಗಲವಾದ ಹೆಬ್ಬೆರಳಿನ ಗುರುತಿತ್ತು. ಅವರು ಹೋದ ಮೇಲಿನ ಜೋಡಿಗಳಲ್ಲಿ ಎರಡೂ ಆಕೆಯವೇ.

"ನಂದು ತಗೋ. ಅವರದಕ್ಕ ಕೈ ಹಚ್ಚಬ್ಯಾಡ. ಎರಡೂ ಒಂದ ಮುದ್ದಿ ಮಣ್ಣಾಗ ಮಾಡಿದ್ದು, ನಿನ್ನ ಲೆಕ್ಕಕ್ಕ ಏನೂ ಫರಕ ಆಗೂದಿಲ್ಲ" ಎಂದಳು. ನಾಲ್ಕು ವರ್ಷ ಓದಿದ ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ಮೆಲ್ಲಗೆ ಕೇಳಿದಳು, ಹೊಲ ಯಾವಾಗಿನಿಂದ ಕೆಟ್ಟಿತು ಅನ್ನುವುದೂ ಇದರಲ್ಲಿ ಗೊತ್ತಾಗುತ್ತದೇನು ಎಂದು. ಗೊತ್ತಾಗುತ್ತದೆ, ವರ್ಷದ ಸಮೇತ ಹೇಳಬಲ್ಲೆ ಎಂದು ನಾನು ಜಂಬದಿಂದ ಹೇಳಿದೆ. ಆಕೆ ಮತ್ತೆ ಏನೂ ಕೇಳಲಿಲ್ಲ. ಎತ್ತು ಮಾರಿದ ತಪ್ಪು ಈಕೆಯನ್ನು ಒಳಗೊಳಗೇ ತಿನ್ನುತ್ತಿದೆ, ಅದಕ್ಕೇ ಕೇಳಿದಳು ಎಂದುಕೊಂಡೆ. ಆ ಭಾರವನ್ನು ನಾನು ಇಳಿಸುತ್ತೇನೆ ಎಂದೂ ಅಂದುಕೊಂಡೆ. ಆ ವಯಸ್ಸಿನಲ್ಲಿ ನನಗೆ ನನ್ನ ಮೇಲೆ ಅಷ್ಟು ನಂಬಿಕೆ.

ಆಷಾಢವೆಲ್ಲ ಆ ಪಡಸಾಲೆಯಲ್ಲೇ ಕಳೆಯಿತು. ಹೊರಗೆ ಜಿಟಿಜಿಟಿ ಮಳೆ. ಎದುರು ಮನೆಯ ಗೋಡೆ ಒಮ್ಮೆ ಕಂಡರೆ ಒಮ್ಮೆ ಮಂಜಿನಲ್ಲಿ ಇಲ್ಲ. ಸ್ಟೇಷನ್ ಕಡೆಯಿಂದ ರೈಲಿನ ಕೂಗು ಬಂದರೆ ಆಯಿ ಹೊತ್ತು ಎಷ್ಟಾಯಿತೆಂದು ಹೇಳುತ್ತಿದ್ದಳು. ದಾವಲ ಒಂದು ಜೋಡಿ ಎತ್ತು ತಂದು ಮುಂದಿಡುವನು. ಆಯಿ ಅದನ್ನು ಕೈಯಲ್ಲಿ ಹಿಡಿದು, ಹೊರಳಿಸಿ, ಎಷ್ಟೋ ಹೊತ್ತು ಮಾತಾಡದೆ ಕೂಡುವಳು. ದಾವಲನೂ ಕೂಡುವನು. ನಾನು ಚಡಪಡಿಸುವೆ. ಆಮೇಲೆ ಎಲ್ಲಿಂದಲೋ ಮಾತು ಬರುವುದು. ಇದು ಕೆರೆ ಕೋಡಿ ಬಿದ್ದ ವರ್ಷದ್ದು. ಇದು ಮಲ್ಲಪ್ಪ ಹತ್ತನೇತ್ತೆಯಲ್ಲಿ ಫೇಲಾದ ವರ್ಷದ್ದು, ಅಪ್ಪ ಮಗ ಮಾತು ಬಿಟ್ಟಿದ್ದರು, ಅದಕ್ಕೇ ಎಡಗಡೆಯ ಎತ್ತಿನ ಮೋರೆ ಗಡಸಾಗಿದೆ ನೋಡು. ಇದು ತನಗೆ ಮೈಯಲ್ಲಿ ಆರಾಮಿಲ್ಲದ ವರ್ಷ, ತನ್ನ ಎತ್ತನ್ನೂ ಅವರೇ ಮಾಡಿದ್ದರು, ಕಾಲು ತಿದ್ದಿದ್ದಷ್ಟೇ ತಾನು. ಆ ಜೋಡಿಯನ್ನು ನಾನು ಪುಡಿ ಮಾಡಲಿಲ್ಲ. ಆಯಿ ಬೇಡವೆನ್ನಲಿಲ್ಲ, ನಾನೇ ಎತ್ತಿಟ್ಟೆ.

ದಾವಲ ಮಲ್ಲಪ್ಪನ ಶಾಲೆಯ ಸರ್ಟಿಫಿಕೇಟು, ಹಳೆಯ ಲಗ್ನಪತ್ರಿಕೆಗಳು, ಊರಿನ ಬೇರೆ ಮುದುಕರ ನೆನಪು ಎಲ್ಲದಕ್ಕೂ ತಾಳೆ ಹಾಕಿದ. ಎರಡು ಜೋಡಿಗಳಲ್ಲಿ ಮಾತ್ರ ಆಯಿ ಒಂದು ವರ್ಷ ಆಚೀಚೆ ಹೇಳಿದ್ದಳು. ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಅವನು, "ಅಕ್ಕಾರ, ನೀವು ಮಣ್ಣ ಕೇಳಾಕತ್ತೀರಿ, ನಾ ಮಾತ ಕೇಳಾಕತ್ತೇನಿ. ಎರಡರದೂ ಉತ್ತರ ಬ್ಯಾರೆ ಬ್ಯಾರೆ ಬಂದ್ರ ಏನ ಮಾಡೂನು?" ಎಂದ. ಮಣ್ಣು ಸುಳ್ಳು ಹೇಳುವುದಿಲ್ಲ ಎಂದು ನಾನು ಠೀವಿಯಿಂದ ಹೇಳಿದೆ. ಅವನು ಕೊಡೆಯನ್ನು ನನ್ನ ಕಡೆ ವಾಲಿಸಿದ.

ಶ್ರಾವಣದಲ್ಲಿ ಪ್ರಯೋಗಾಲಯ ಸಿದ್ಧವಾಯಿತು. ಒಂದೊಂದೇ ಎತ್ತಿನ ಹೊರಮೈ ಹೆರೆದು, ಅರಿಷಿಣ ಕುಂಕುಮ, ದೀಪದ ಹೊಗೆ ಎಲ್ಲ ಹೋಗುವ ತನಕ ಹೆರೆದು, ಒಳಗಿನ ಮಣ್ಣನ್ನು ಕುಟ್ಟಿದೆ. ಗುಲಗಂಜಿ ಕಣ್ಣುಗಳನ್ನು ಒಂದು ಬಾಟಲಿಯಲ್ಲಿ ಕೂಡಿಟ್ಟೆ. ಆಮೇಲೆ ಆ ಪುಡಿಗೆ ದ್ರಾವಣ ಬೆರೆಸಿ, ಮೇಲಿನ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಇನ್ನೊಂದನ್ನು ಬಿಡಬೇಕು. ದಟ್ಟ ನೀಲಿ ಬಣ್ಣ ಒಂದೇ ಒಂದು ಹನಿಗೆ ತಟ್ಟನೆ ಹಸಿರಾಗುತ್ತದೆ. ಸತ್ವವಿರುವ ಮಣ್ಣಿಗೆ ಕೆಲವೇ ಹನಿ ಸಾಕು. ಸತ್ವ ಹೋದ ಮಣ್ಣು ಮತ್ತೆ ಮತ್ತೆ ಕೇಳುತ್ತದೆ. ಕಿಟಕಿಯಾಚೆ ಮಳೆ, ಒಳಗೆ ಹನಿ. ಹಳೆಯ ಎತ್ತುಗಳು ಬೇಗ ಬೇಗ ಹಸಿರಾದವು. ನಾನು ಪ್ರತಿ ವರ್ಷದ ಹಸಿರಿಗೂ ಕಾಯುತ್ತ, ಕಾಣದ ಆ ಸಂಗಪ್ಪ ಬಂಡಿಗಟ್ಟಲೆ ಗೊಬ್ಬರ ಹೇರುವುದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ.

ಗಣೇಶ ಚೌತಿಯ ಹಿಂದಿನ ವಾರ ಎಲ್ಲ ಮುಗಿಯಿತು. ಕಾಗದದ ಮೇಲೆ ಗೆರೆ ಎಳೆದೆ. ವರ್ಷ ವರ್ಷವೂ ಸಮನಾಗಿ ನಡೆದ ಗೆರೆ ಒಂದು ಕಡೆ ಕೆಳಕ್ಕೆ ಬಾಗಿತ್ತು. ಎತ್ತು ಮಾರಿದ ವರ್ಷದಲ್ಲಿ ಅಲ್ಲ. ಅದಕ್ಕಿಂತ ನಾಲ್ಕು ವರ್ಷ ಮೊದಲೇ. ಸಂಗಪ್ಪ 'ಊರಿಗೇ ಹೆಸರಾದ' ರೈತನಾಗಿ ಬದುಕಿದ್ದಾಗಲೇ. ಎರಡು ಸಲ, ಮೂರು ಸಲ ಮಾಡಿ ನೋಡಿದೆ. ಅದೇ ಉತ್ತರ. ನನಗೆ ಎಷ್ಟು ಸಂತೋಷವಾಯಿತೆಂದರೆ, ಮರುದಿನವೇ ದಾವಲನನ್ನು ಎಳೆದುಕೊಂಡು ಮುಗದಕ್ಕೆ ಹೊರಟೆ.

ಮಲ್ಲಪ್ಪ ಮನೆಯಲ್ಲಿರಲಿಲ್ಲ. ಆಯಿ ಪಡಸಾಲೆಯಲ್ಲಿ ಹೆಸರುಕಾಯಿ ಸುಲಿಯುತ್ತಿದ್ದಳು, ಮೊಮ್ಮಗಳು ಕಾವೇರಿ ಸಿಪ್ಪೆಗಳಲ್ಲಿ ಆಡುತ್ತಿದ್ದಳು. ದಾವಲ ರೂಢಿಯಂತೆ ರೆಕಾರ್ಡರ್ ಹಚ್ಚಿಟ್ಟ. ನಾನು ಕಾಗದ ಹರವಿ, ಬೆರಳಿಟ್ಟು ತೋರಿಸಿದೆ. ನೋಡಿ, ನೀವು ಎತ್ತು ಮಾರಿದ್ದು ಇಲ್ಲಿ. ಹೊಲ ಕೆಡಲು ಶುರುವಾದದ್ದು ಇಲ್ಲಿ, ನಾಲ್ಕು ವರ್ಷ ಮೊದಲು. ನಿಮ್ಮದೇನೂ ತಪ್ಪಿಲ್ಲ ಆಯಿ, ಇನ್ನು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ. ಆಕೆ ಅಳುತ್ತಾಳೆ, ಇಲ್ಲವೇ ನಗುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಆಯಿಯ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಕೆಳಗಿಟ್ಟಳು.

"ಅವರ ಮಣಕಾಲ ಹೋಗಿದ್ವವಾ" ಎಂದಳು. "ಗೊಬ್ಬರದ ಬಂಡಿ ಹೂಡಿಕೊಂಡು ನಸಿಕಿನ್ಯಾಗ ಹೋಗತಿದ್ರು. ಹೊಲದಾಗ ಇಳಿಸಿ ಹರವೂದು ಅವರ ಕೈಲೆ ಆಗತಿದ್ದಿಲ್ಲ. ಹೊಲದಾಗ ಹಂಗ ಒಟ್ಟಿದ್ರ ಮಂದಿಗೆ ಕಾಣತೈತಂತ ಕೆರಿ ದಂಡ್ಯಾಗ ಬಂಡಿ ಮಗಚಿ ಬರತಿದ್ರು. ಊರಿಗೆ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ನನಗೂ ಹೇಳಲಿಲ್ಲ. ಕಾಲಿಗೆ ಮೆತ್ತಿಕೊಂಡು ಬಂದದ್ದು ಕೆರಿ ಮಣ್ಣ, ಹೊಲದ್ದಲ್ಲ. ಕಾಲ ತೊಳಿಯಾಕ ನೀರ ಕೊಡಾಕಿ ನಾನ, ನನಗ ಗೊತ್ತಾಗದ ಇರತೈತೇನ?"

ದಾವಲ ಕೈ ಚಾಚಿ ರೆಕಾರ್ಡರ್ ಆರಿಸಿದ. ಅದರ ಸಣ್ಣ ಕಟ್ ಎಂಬ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆಯಿ ಉಳಿದದ್ದನ್ನೂ ಹೇಳಿದಳು. ಆಳಿಟ್ಟು ಮಾಡಿಸೋಣವೆಂದರೆ ಅವರು ಒಪ್ಪುವ ಪೈಕಿ ಅಲ್ಲ. ಹೊಲದ ಮೇಲೆ ಅಷ್ಟು ಅಭಿಮಾನ. ಬೆಳೆ ಇಳಿಯುತ್ತ ಬಂದದ್ದನ್ನು ಮಳೆಯ ಮೇಲೆ ಹಾಕುತ್ತಿದ್ದರು, ಈಕೆ ಹೂಂ ಅನ್ನುತ್ತಿದ್ದಳು. ಅವರು ಹೋದ ಮೇಲೆ ಈಕೆ ಎತ್ತು ಮಾರಿದಳು, ಸಾಕುವವರಿರಲಿಲ್ಲ, ಅದಕ್ಕೆ. ಮಂದಿಗೆ ಒಂದು ಕಾರಣ ಸಿಕ್ಕಿತು. ಇರಲಿ ಬಿಡು ಎಂದು ಈಕೆ ಸುಮ್ಮನಾದಳು. ಒಂಬತ್ತು ವರ್ಷ, ಮಗನ ಚಾಷ್ಟಿಯನ್ನೂ ಊರಿನ ಮಾತನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನೇ ಇದ್ದಳು.

"ನೀ ಪುಸ್ತಕ ಬರೀತೀಯಲ್ಲ ತಂಗಿ, ಅದರಾಗ ನಾ ಎತ್ತ ಮಾರಿದ್ದಕ್ಕ ಹೊಲ ಕೆಡ್ತು ಅಂತನ ಬರಿ. ಅವರದು ಬರಿಬ್ಯಾಡ."

ನಾನು ದಾವಲನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಹೆಸರಿಲ್ಲದೆ, ಊರಿಲ್ಲದೆ, ಒಂದು ಹೊಲ ಎಂದಷ್ಟೇ ಬರೆದರೂ ಗೆರೆ ಬಾಗಿದ್ದು ಬಾಗಿದ್ದೇ; ಅದನ್ನು ನಾಲ್ಕು ವರ್ಷ ಮುಂದಕ್ಕೆ ಸರಿಸಲು ನನ್ನಿಂದಾಗದು.

"ಆತ್ರಿ ಆಯಿ. ಹಂಗ ಬರೀತೇನಿ" ಎಂದೆ.

ಡಿಸೆಂಬರಿನಲ್ಲಿ ಪ್ರಬಂಧ ಸಲ್ಲಿಸಿದೆ. ಗೆರೆ ಇದ್ದಲ್ಲೇ ಇತ್ತು. ರಟ್ಟು ಹಾಕಿಸಿದ ಒಂದು ಪ್ರತಿಯನ್ನು ಆಯಿಗೆ ಕೊಡಲು ಹೋದಾಗ, ಬರೆದಿದ್ದೀಯಾ ಎಂದು ಕಣ್ಣಲ್ಲೇ ಕೇಳಿದಳು. ಬರೆದಿದ್ದೇನೆ ಎಂದು ತಲೆಯಾಡಿಸಿ, ಚಹಾ ಕುಡಿಯದೇ ಓಡಿಬಂದೆ. ದಾವಲ ಈಗ ರಾಯಚೂರಿನ ಕಡೆ ಮೇಷ್ಟ್ರಾಗಿದ್ದಾನೆ. ಅವನ ಪ್ರಬಂಧದಲ್ಲಿ ಕೆರೆ ಕೋಡಿ ಬಿದ್ದ ವರ್ಷವಿದೆ, ಮಲ್ಲಪ್ಪ ಫೇಲಾದ ವರ್ಷವಿದೆ. ಆ ದಿನ ರೆಕಾರ್ಡರ್ ಆರಿಸುವ ಮೊದಲಿನ ಮಾತೂ ಇಲ್ಲ, ಆರಿಸಿದ ಮೇಲಿನದೂ ಇಲ್ಲ. ಅವನಿಗೆ ಆ ದಾರಿ ಇತ್ತು, ನನಗಿರಲಿಲ್ಲ ಎಂದು ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಮುಗದ ಬಂತೆಂದು ಕಂಡಕ್ಟರ್ ಕೂಗಿದ. ಓಣಿ ಅದೇ. ಮನೆಯ ಹೆಂಚಿನ ಮೇಲೆ ಹೊಸ ತಗಡು ಬಂದಿತ್ತು. ಬಾಗಿಲು ತೆರೆದವಳು ಎತ್ತರದ ಹುಡುಗಿ. ನಾನು ಹೆಸರು ಹೇಳುವ ಮೊದಲೇ, "ಮಣ್ಣ ಬಾಯಾರಲ್ರಿ? ಫೋಟೋದಾಗ ನೋಡೇನಿ" ಎಂದಳು. ಮಣ್ಣಿನ ಮೇಡಂ ಎಂಬುದು ಆ ಊರಲ್ಲಿ ನನ್ನ ಹೆಸರು. ಅಂಗನವಾಡಿಯ ಕಾವೇರಿ. ಈಗ ಪಿ.ಯು.ಸಿ. ವಿಜ್ಞಾನ, ದಿನಾ ಧಾರವಾಡಕ್ಕೆ ಓಡಾಡುತ್ತಾಳಂತೆ. ಚಪ್ಪಲಿ ಬಿಡುತ್ತಿದ್ದವಳಿಗೆ ಅವಳು ದನಿ ತಗ್ಗಿಸಿ, "ನಿಮ್ಮ ಪುಸ್ತಕ ಓದೇನ್ರಿ. ತಿಳಿದಷ್ಟು" ಎಂದಳು.

ಆಯಿ ಪಡಸಾಲೆಯಲ್ಲಿ ಮಣ್ಣು ನಾದುತ್ತ ಕೂತಿದ್ದಳು. ಇನ್ನೂ ಸಣ್ಣವಳಾಗಿದ್ದಳು. ಕಣ್ಣು ಮಂಜಾಗಿತ್ತು, ಅಂಗೈ ಮಾತ್ರ ಅಷ್ಟೇ ಅಗಲ. ನನ್ನ ದನಿಯಿಂದಲೇ ಗುರುತು ಹಿಡಿದು, ಹತ್ತು ವರ್ಷ ಎಲ್ಲಿ ಸತ್ತಿದ್ದೆ ಎಂದು ಬೈದಳು. ಬೈಸಿಕೊಂಡು ಹಾಯೆನಿಸಿತು. ಮಾಡದ ಪಕ್ಕದಲ್ಲಿ, ಹಸಿರು ಖಣದ ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ ಕಂಡಿತು. ನಾನು ನೋಡಿದ್ದು ಆಕೆಗೆ ಹೇಗೆ ತಿಳಿಯಿತೋ, ಬಂದವರ ಮುಂದೆಲ್ಲ ಓದಿಸುತ್ತೇನೆ ಎಂದು ಹೇಳಿ ಮೊಮ್ಮಗಳನ್ನು ಕೂಗಿದಳು. "ಕಾವೇರಿ, ಆ ಪುಟ ಓದವಾ. ಬಾಯಾರ ಮುಂದೂ ಓದು."

ಕಾವೇರಿ ಬಟ್ಟೆ ಬಿಚ್ಚಿ ಪುಸ್ತಕ ತೆರೆದಳು. ಅದು ತಾನಾಗಿಯೇ ಆ ಗೆರೆಯ ಪುಟಕ್ಕೆ ಬಿಚ್ಚಿಕೊಂಡಿತು. ಅಷ್ಟು ಸಲ ತೆರೆದಿದ್ದರು. ಅವಳ ಬೆರಳು ಗೆರೆಯ ಉದ್ದಕ್ಕೂ ನಿಧಾನವಾಗಿ ಸಾಗಿ, ಅದು ಬಾಗುವಲ್ಲಿ ಬಂದು ನಿಂತಿತು. ಎತ್ತು ಮಾರಿದ ವರ್ಷದಲ್ಲಿ ಅಲ್ಲ, ನಾಲ್ಕು ವರ್ಷ ಮೊದಲು. ಸರಿಯಾದ ಜಾಗ. ಹುಡುಗಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಬೆರಳನ್ನು ಅಲ್ಲಿಂದ ತೆಗೆಯದೆಯೇ ಓದಿದಳು:

"ಮುತ್ಯಾ ಇರೂತನಕ ಹೊಲ ಛಲೋ ಇತ್ತು. ಆಯಿ ಎತ್ತ ಮಾರಿದ ಮ್ಯಾಲ ಸತ್ವ ಕಡಿಮಿ ಆತು. ಹಂಗ ಬರದಾರ."

ಆಯಿ ಹೂಂ ಎಂದು ತಲೆಯಾಡಿಸಿದಳು. ಮುಖ ತುಂಬ ಶಾಂತವಾಗಿತ್ತು. "ಆಡಿದ ಮಾತ ಉಳಿಸಿಕೊಂಡಿ ತಂಗಿ" ಎಂದಳು ನನ್ನ ಕಡೆ ತಿರುಗಿ. ನನ್ನ ಕಣ್ಣು ತುಂಬಿ ಬಂತು. ಕಾವೇರಿ ಪುಸ್ತಕ ಮಡಚಿ, ಖಣದ ಬಟ್ಟೆಯಲ್ಲಿ ಮೊದಲಿದ್ದ ಹಾಗೇ ಸುತ್ತಿಟ್ಟಳು.

ಆಯಿ ಮುದ್ದೆಯನ್ನು ಎರಡು ಪಾಲು ಮಾಡಿದಳು. ಒಂದನ್ನು ತನ್ನ ಮುಂದಿಟ್ಟುಕೊಂಡು, ಇನ್ನೊಂದನ್ನು ನನ್ನ ಕಡೆ ಸರಿಸಿದಳು. "ನನ್ನ ಕೈ ಸೋತಾವ, ಯಡಗಡೆದು ಈ ಸಲ ನೀ ಮಾಡು, ಕೊಂಬ ಒಳಗ ಬಾಗಿರಲಿ" ಎಂದಳು. ನಾನು ಬ್ಯಾಗು ಕೊಡೆ ಮೂಲೆಗಿಟ್ಟು, ತೋಳು ಏರಿಸಿಕೊಂಡು, ಮಣ್ಣಿಗೆ ಕೈ ಹಾಕಿದೆ.